ಓದುಗರ ಅಂಗಳ: ಓಡಿದ್ದನ್ನು ಯಾರಿಗೆಲ್ಲ ತೋರಿಸಬೇಕು?

ಕಳೆದ ತಿಂಗಳು ಈ ಅಂಕಣದಲ್ಲಿ ಬೆಳಗಿನ ನಡಿಗೆಯ ಬಗ್ಗೆ ಉತ್ತರಿಸುವಾಗ ಸ್ಟ್ರಾವಾ ಎಂಬ ಆ್ಯಪ್‌ನ ಹೆಸರನ್ನು ಒಂದೇ ಒಂದು ಸಾಲಿನಲ್ಲಿ ಪ್ರಸ್ತಾಪಿಸಿದ್ದೆ. ಆ ಸಾಲಿಗೆ ಬಂದಷ್ಟು ಪತ್ರಗಳು ಉಳಿದ ಉತ್ತರಗಳಿಗೆಲ್ಲ ಸೇರಿಸಿದರೂ ಬಂದಿಲ್ಲ. ಆದ್ದರಿಂದ ಈ ಬಾರಿಯ ಅಂಕಣವನ್ನು ಓಟ, ನಡಿಗೆ, ಸೈಕಲ್ ಸವಾರಿಗಳನ್ನು ದಾಖಲಿಸಿಕೊಂಡು ಹತ್ತು ಜನರ ಮುಂದಿಡುವ ಆ್ಯಪ್‌ಗಳಿಗೇ ಮೀಸಲಿಟ್ಟಿದ್ದೇನೆ. ಪತ್ರ ಬರೆದವರಲ್ಲಿ ಹಲವರು ಹೆಸರು ಬೇಡವೆಂದು ಕೋರಿರುವುದರಿಂದ ಎಲ್ಲರ ಊರನ್ನಷ್ಟೇ ಕೊಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗ ಬೆಂಗಳೂರಿನಲ್ಲಿ ಎಂಜಿನಿಯರ್. ಭಾನುವಾರ ನಸುಕಿನಲ್ಲೇ ಎದ್ದು ಸೈಕಲ್ಲಿನಲ್ಲಿ ನಂದಿ ಬೆಟ್ಟಕ್ಕೆ ಹೋಗಿಬರುತ್ತಾನೆ. ಅದು ಸಂತೋಷವೇ. ಆದರೆ ಮನೆಗೆ ಬಂದವನು ಬೆವರು ಒರೆಸಿಕೊಳ್ಳುವುದಕ್ಕೂ ಮೊದಲು ಫೋನ್ ತೆಗೆದು, ಯಾರು ಮೆಚ್ಚಿದರು, ಯಾರು ತನಗಿಂತ ಬೇಗ ಹತ್ತಿದರು ಎಂದು ನೋಡುತ್ತಾನೆ. ನಾವೂ ಚಿಕ್ಕಂದಿನಲ್ಲಿ ಶಾಲೆಗೆ ಆರು ಮೈಲಿ ನಡೆದವರೇ; ಯಾರಿಗೂ ಹೇಳಿಕೊಳ್ಳಲಿಲ್ಲ. ವ್ಯಾಯಾಮವನ್ನು ಡಂಗುರ ಸಾರುವ ಈ ಗೀಳು ಎಲ್ಲಿಂದ ಬಂತು?
— ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ಆರು ಮೈಲಿ ನಡೆದದ್ದನ್ನು ಯಾರಿಗೂ ಹೇಳಿಕೊಳ್ಳಲಿಲ್ಲ ಎಂದು ಬರೆದಿದ್ದೀರಿ, ಮೇಷ್ಟ್ರೇ; ಈಗ ನನಗೆ ಹೇಳಿದ್ದೀರಿ, ನಾನದನ್ನು ಅಚ್ಚು ಹಾಕಿಸಿದ್ದೇನೆ. ತಮಾಷೆಗೆ ಹೇಳಿದೆನಾದರೂ ವಿಷಯದ ತಿರುಳು ಅಲ್ಲೇ ಇದೆ. ಮೈ ದಣಿದದ್ದಕ್ಕೆ ಒಬ್ಬ ಸಾಕ್ಷಿ ಬೇಕೆನ್ನಿಸುವುದು ಹೊಸದೇನಲ್ಲ. ನಿಮ್ಮ ಊರಿನ ಗರಡಿ ಮನೆಗಳನ್ನೇ ನೆನಪಿಸಿಕೊಳ್ಳಿ. ದಂಡ, ಬಸ್ಕಿ ಹೊಡೆಯುವ ಹುಡುಗ ತನ್ನ ಮನೆಯ ಹಿತ್ತಿಲಿನಲ್ಲೂ ಅವನ್ನು ಹೊಡೆಯಬಹುದಿತ್ತು. ಉಸ್ತಾದರ ಕಣ್ಣು, ಜೊತೆಯವರ ಎಣಿಕೆ ಇರುವ ಜಾಗದಲ್ಲಿ ಐವತ್ತಕ್ಕೆ ನಿಲ್ಲುವುದು ಅರವತ್ತಕ್ಕೆ ಹೋಗುತ್ತದೆಂದೇ ಅವನು ಗರಡಿಗೆ ಬರುತ್ತಿದ್ದ.

ಸ್ಟ್ರಾವಾ ಹುಟ್ಟಿದ್ದು ಕೂಡ ಒಂದು ಬಗೆಯ ಗರಡಿಯ ಹಂಬಲದಿಂದಲೇ. ಅದನ್ನು ಕಟ್ಟಿದ ಮಾರ್ಕ್ ಗೇನಿ ಮತ್ತು ಮೈಕೆಲ್ ಹೊರ್ವಾತ್ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ರೋಯಿಂಗ್ ತಂಡದಲ್ಲಿ ಒಟ್ಟಿಗೆ ದೋಣಿಯ ಹುಟ್ಟು ಹಾಕಿದವರು. ಓದು ಮುಗಿಸಿ ಕೆಲಸ, ಸಂಸಾರ ಎಂದು ಚದುರಿದ ಮೇಲೆ ಅವರಿಗೆ ಕಳೆದುಹೋಯಿತೆನ್ನಿಸಿದ್ದು ತಂಡದವರ ಒಡನಾಟ ಮತ್ತು ಅವರೊಂದಿಗಿನ ಪೈಪೋಟಿ. ದೂರದಲ್ಲಿದ್ದವರೂ ಒಂದೇ ಕೋಣೆಯಲ್ಲಿ ಬಟ್ಟೆ ಬದಲಿಸುತ್ತ ಹರಟುತ್ತಿರುವಂತೆ ಭಾಸವಾಗುವ ಒಂದು ತಾಣ ಬೇಕೆಂಬ ಆಲೋಚನೆ 1990ರ ದಶಕದಲ್ಲೇ ಅವರಿಗೆ ಹೊಳೆದಿತ್ತು. ಆಗ ತಂತ್ರಜ್ಞಾನ ಸಿದ್ಧವಿರಲಿಲ್ಲ. 2009ರಲ್ಲಿ ಅದು ಸ್ಟ್ರಾವಾ ಆಗಿ ಬಂತು. ಶ್ರಮಿಸು, ಹೆಣಗು ಎಂಬ ಅರ್ಥದ ಸ್ವೀಡಿಷ್ ಪದವೊಂದರಿಂದ ಬಂದ ಹೆಸರದು. 2022ರ ಹೊತ್ತಿಗೆ ಅದರ ಬಳಕೆದಾರರ ಸಂಖ್ಯೆ 10 ಕೋಟಿ ದಾಟಿತ್ತು.

ಇಷ್ಟು ಬೆಳೆಯಲು ಬೇರೆ ಕಾರಣಗಳೂ ಕೂಡಿಬಂದವು. ಮೊದಮೊದಲು ಸೈಕಲ್ ಸವಾರರು ಹ್ಯಾಂಡಲ್‌ಗೆ ಸಿಕ್ಕಿಸಿಕೊಂಡ ಪ್ರತ್ಯೇಕ ಜಿಪಿಎಸ್ ಉಪಕರಣದಿಂದ ಮಾಹಿತಿಯನ್ನು ಕೇಬಲ್ ಮೂಲಕ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕಿತ್ತು. ಆ ಕೆಲಸವನ್ನು ಜೇಬಿನ ಫೋನೇ ಮಾಡತೊಡಗಿದಾಗ ಆಟ ಎಲ್ಲರದಾಯಿತು. ನಮ್ಮಲ್ಲಿ 2016ರ ನಂತರ ಡೇಟಾ ಅಗ್ಗವಾದದ್ದು, 2020ರ ಲಾಕ್‌ಡೌನ್‌ನಲ್ಲಿ ಜಿಮ್‌ಗಳಿಗೆ ಬೀಗ ಬಿದ್ದು ಒಂಟಿಯಾಗಿ ಓಡುವವರಿಗೆ ಫೋನಿನ ಮೂಲಕವಾದರೂ ಜೊತೆ ಬೇಕಾದದ್ದು, ಎರಡೂ ಸೇರಿಕೊಂಡವು.

ಇನ್ನು ನಿಮ್ಮ ಮಗ ಫೋನಿನಲ್ಲಿ ಹುಡುಕುವುದೇನು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನಂದಿ ಬೆಟ್ಟದ ತಿರುವುಗಳ ರಸ್ತೆ ಸುಮಾರು 8 ಕಿಲೋಮೀಟರ್ ಏರುತ್ತದೆ. ಆ ಏರನ್ನು ಬಳಕೆದಾರರೇ ಸ್ಟ್ರಾವಾದಲ್ಲಿ ಗುರುತು ಮಾಡಿದ್ದಾರೆ. ಇಂಥ ತುಂಡನ್ನು ಸೆಗ್ಮೆಂಟ್ ಎನ್ನುತ್ತಾರೆ. ಯಾರೇ ಆ ದಾರಿಯಲ್ಲಿ ಹಾದುಹೋದರೂ, ಆರಂಭದ ಬಿಂದುವಿನಿಂದ ಕೊನೆಯ ಬಿಂದುವಿನವರೆಗೆ ಹಿಡಿದ ಸಮಯವನ್ನು ಆ್ಯಪ್ ತಾನಾಗಿ ಲೆಕ್ಕಹಾಕಿ ಸಾವಿರಾರು ಸವಾರರ ಪಟ್ಟಿಯಲ್ಲಿ ಸೇರಿಸುತ್ತದೆ. ಪಂದ್ಯ ಏರ್ಪಡಿಸಿದವರಿಲ್ಲ, ಸೀಟಿ ಊದುವವರಿಲ್ಲ; ಮಂಗಳವಾರ ಒಬ್ಬ, ಭಾನುವಾರ ಇನ್ನೊಬ್ಬ ಹತ್ತಿದರೂ ಇಬ್ಬರೂ ಒಂದೇ ಪಂದ್ಯದಲ್ಲಿದ್ದಾರೆ. ಬೆಟ್ಟದ ಬುಡದ ಚಹಾ ಅಂಗಡಿಯೊಂದರಲ್ಲಿ ನಾನೊಮ್ಮೆ ಕುಳಿತಿದ್ದಾಗ, ಇಳಿದು ಬಂದ ನಾಲ್ಕು ಹುಡುಗರು ಇಡ್ಲಿಗೆ ಹೇಳಿ, ತಟ್ಟೆ ಬಂದರೂ ಮುಟ್ಟದೆ, ‘ನಿಂದು ಸಿಂಕ್ ಆಯ್ತೇನೋ?’ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಒಬ್ಬನ ಫೋನಿಗೆ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಅವನು ಅಂಗಡಿಯ ಹಿಂದಿನ ದಿಬ್ಬ ಹತ್ತಿ ಕೈ ಮೇಲೆತ್ತಿ ನಿಂತ. ‘ನಲವತ್ತೊಂದು ನಿಮಿಷ!’ ಎಂದು ಕೂಗಿಕೊಂಡು ಬಂದಾಗ ಇಡ್ಲಿ ಆರಿಹೋಗಿತ್ತು, ಉಳಿದ ಮೂವರು ಆರಿದ ಇಡ್ಲಿಯನ್ನೇ ಹಬ್ಬದೂಟದಂತೆ ತಿಂದರು. ಅದು ಡಂಗುರವೆಂದು ನನಗನ್ನಿಸಲಿಲ್ಲ. ಆ ನಾಲ್ವರಿಗೆ ಆ ನಲವತ್ತೊಂದು ನಿಮಿಷದ ಬೆಲೆ ಗೊತ್ತಿತ್ತು, ಅಷ್ಟೆ.

ಮೆಚ್ಚುಗೆಯ ಹೆಬ್ಬೆರಳಿಗೆ ಸ್ಟ್ರಾವಾದಲ್ಲಿ ಕುಡೋಸ್ ಎಂದು ಹೆಸರು. ಕೀರ್ತಿ ಎಂಬರ್ಥದ ಗ್ರೀಕ್ ಮಾತದು. ಉಳಿದ ಸಾಮಾಜಿಕ ಜಾಲತಾಣಗಳ ಲೈಕ್‌ಗಿಂತ ಇದು ಹೆಚ್ಚು ಪ್ರಾಮಾಣಿಕವೆಂದು ನನ್ನ ಅಭಿಪ್ರಾಯ, ಏಕೆಂದರೆ ಇಲ್ಲಿ ಏನಾದರೂ ಹಾಕಬೇಕಾದರೆ ಮೊದಲು ಮೈ ಬಗ್ಗಿಸಬೇಕು. 2020ರಲ್ಲಿ ‘ಲೋಕಲ್ ಲೆಜೆಂಡ್’ ಎಂಬ ಇನ್ನೊಂದು ಪಟ್ಟವನ್ನು ಸೇರಿಸಿದರು. ಅತಿ ವೇಗದವರಿಗಲ್ಲ, 90 ದಿನಗಳಲ್ಲಿ ಅತಿ ಹೆಚ್ಚು ಸಲ ಆ ದಾರಿಯಲ್ಲಿ ಹಾದವರಿಗೆ ಅದು ಸಲ್ಲುತ್ತದೆ. ನಿಮ್ಮ ಮನೆಯ ಹತ್ತಿರದ ಕೆರೆ ಏರಿಯ ಮೇಲೆ ದಿನಾ ನಡೆಯುವ ನಿಮಗೂ ಅದು ದಕ್ಕೀತು, ನಿಮ್ಮ ಮಗನಿಗೆ ದಕ್ಕದು.

ಒಂದು ಮಾತನ್ನು ಮಾತ್ರ ಮಗನಿಗೆ ತಿಳಿಸಿ. ಏರುವಾಗ ಎಷ್ಟು ಬೇಕಾದರೂ ಸ್ಪರ್ಧಿಸಲಿ, ಇಳಿಯುವಾಗ ಬೇಡ. 2010ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಬಳಿ ಸವಾರರೊಬ್ಬರು ಕೈತಪ್ಪಿದ ಸೆಗ್ಮೆಂಟ್ ದಾಖಲೆಯನ್ನು ಮರಳಿ ಪಡೆಯುವ ಯತ್ನದಲ್ಲಿ ಇಳಿಜಾರಿನಲ್ಲಿ ಅಪಘಾತಕ್ಕೀಡಾಗಿ ತೀರಿಕೊಂಡರು. ಕುಟುಂಬದವರು ಹೂಡಿದ ದಾವೆಯನ್ನು 2013ರಲ್ಲಿ ನ್ಯಾಯಾಲಯ ವಜಾ ಮಾಡಿತು. ಅಪಾಯಕಾರಿಯೆಂದು ಬಳಕೆದಾರರು ಗುರುತಿಸಿದ ಸೆಗ್ಮೆಂಟ್‌ಗಳಲ್ಲಿ ಸಮಯದ ಪಟ್ಟಿಯನ್ನು ತೋರಿಸದಿರುವ ಏರ್ಪಾಡು ಈಗ ಇದೆ.

ಪ್ರಶ್ನೆ: ಮಗಳು ಕೈಗೆ ಕಟ್ಟಿಕೊಳ್ಳುವ ಸ್ಮಾರ್ಟ್‌ವಾಚ್ ಕೊಡಿಸಿದ್ದಾಳೆ. ಬೆಳಿಗ್ಗೆ ಜೋಳದ ರೊಟ್ಟಿ ಬಡಿದು ಏಳುವಷ್ಟರಲ್ಲಿ ಅದು ನೂರಾರು ಹೆಜ್ಜೆ ತೋರಿಸಿರುತ್ತದೆ. ಮನೆಯವರೆಲ್ಲ ನಗುತ್ತಾರೆ. ದಿನಕ್ಕೆ 10,000 ಹೆಜ್ಜೆ ಆಗಲೇಬೇಕೆಂದು ಮಗಳ ಗ್ರೂಪಿನಲ್ಲಿ ನಿಯಮವಂತೆ. ರೊಟ್ಟಿಯ ಹೆಜ್ಜೆಗಳನ್ನು ಕಳೆಯಬೇಕೇ?
— ಗೃಹಿಣಿ, ವಿಜಯಪುರ

ಉತ್ತರ: ನಗುವವರಿಗೆ ಹತ್ತು ರೊಟ್ಟಿ ಬಡಿಯಲು ಹೇಳಿ, ತಾಯಿ. ವಾಚಿನೊಳಗೆ ಚಲನೆಯ ಏರುಪೇರನ್ನು ಅಳೆಯುವ ಒಂದು ಚಿಕ್ಕ ಸಂವೇದಕವಿರುತ್ತದೆ. ಅದಕ್ಕೆ ಕಾಲು ಕಾಣುವುದಿಲ್ಲ. ಕೈಯ ಲಯಬದ್ಧ ಅಲುಗಾಟವನ್ನೇ ಅದು ಹೆಜ್ಜೆಯೆಂದು ಊಹಿಸುತ್ತದೆ. ರೊಟ್ಟಿ ಬಡಿಯುವ ಕೈಗಿರುವಷ್ಟು ಲಯ ನಡೆಯುವ ಎಷ್ಟೋ ಕೈಗಳಿಗೆ ಇರುವುದಿಲ್ಲ. ಇದಕ್ಕೆ ತದ್ವಿರುದ್ಧವಾಗಿ, ತಳ್ಳುಗಾಡಿಯ ಹಿಡಿಯನ್ನು ಬಿಗಿಯಾಗಿ ಹಿಡಿದು ಊರೆಲ್ಲ ಸುತ್ತುವ ತರಕಾರಿ ವ್ಯಾಪಾರಿಯ ಎಷ್ಟೋ ಹೆಜ್ಜೆಗಳು, ಕೈ ಅಲುಗದ ಕಾರಣ, ಲೆಕ್ಕಕ್ಕೇ ಬರುವುದಿಲ್ಲ.

10,000ದ ಲೆಕ್ಕ ವೈದ್ಯರು ಹೇಳಿದ್ದಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ‘ಮಾನ್ಪೊ-ಕೇ’ ಎಂಬ ಹೆಜ್ಜೆ ಎಣಿಸುವ ಉಪಕರಣವನ್ನು ಮಾರುಕಟ್ಟೆಗೆ ತಂದಿತು. ಆ ಹೆಸರಿನ ಅರ್ಥವೇ ಹತ್ತು ಸಾವಿರ ಹೆಜ್ಜೆಯ ಮಾಪಕ ಎಂದು. ವ್ಯಾಪಾರಕ್ಕೆ ಇಟ್ಟ ಹೆಸರು ಆರೋಗ್ಯದ ಸೂತ್ರವಾಗಿ ಉಳಿದುಬಿಟ್ಟಿತು. 2019ರಲ್ಲಿ ಪ್ರಕಟವಾದ ಹಾರ್ವರ್ಡ್‌ನ ಐ-ಮಿನ್ ಲೀ ಅವರ ತಂಡದ ಅಧ್ಯಯನ, ಸರಾಸರಿ 72 ವರ್ಷದ 16,741 ಅಮೆರಿಕನ್ ಮಹಿಳೆಯರನ್ನು ಗಮನಿಸಿತು. ದಿನಕ್ಕೆ 2,700 ಹೆಜ್ಜೆ ಹಾಕುವವರಿಗಿಂತ 4,400 ಹಾಕುವವರಲ್ಲಿ ಸಾವಿನ ಪ್ರಮಾಣ ಸ್ಪಷ್ಟವಾಗಿ ಕಡಿಮೆಯಿತ್ತು. 7,500ರ ಆಸುಪಾಸಿನಲ್ಲಿ ಲಾಭದ ಏರಿಕೆ ನಿಂತಿತ್ತು. ರೊಟ್ಟಿಯ ಹೆಜ್ಜೆಗಳನ್ನು ಕಳೆಯಬೇಡಿ. ಮಗಳ ಗ್ರೂಪಿನವರು ತಕರಾರು ಮಾಡಿದರೆ ಎರಡು ರೊಟ್ಟಿ ಕಳಿಸಿಕೊಡಿ.

ಪ್ರಶ್ನೆ: ಇವತ್ತಿನ ಓಟಕ್ಕೆ 600 ಕ್ಯಾಲೊರಿ ಖರ್ಚಾಯಿತೆಂದು ಆ್ಯಪ್ ತೋರಿಸಿತು. ಹಾಗಾದರೆ ಒಂದು ಬೆಣ್ಣೆ ದೋಸೆಗೆ ಅಡ್ಡಿಯಿಲ್ಲವಲ್ಲ?
— ಪದವಿ ವಿದ್ಯಾರ್ಥಿ, ದಾವಣಗೆರೆ

ಉತ್ತರ: ದೋಸೆಗೆ ಅಡ್ಡಿಯಿಲ್ಲ, ಲೆಕ್ಕಕ್ಕೆ ಅಡ್ಡಿಯಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಕೈಗೆ ಕಟ್ಟುವ ಏಳು ಉಪಕರಣಗಳನ್ನು 60 ಜನರ ಮೇಲೆ ಪರೀಕ್ಷಿಸಿದಾಗ, ಎದೆಬಡಿತವನ್ನು ಅವುಗಳಲ್ಲಿ ಆರು ಸಾಕಷ್ಟು ಸರಿಯಾಗಿ ಅಳೆದವು; ಕ್ಯಾಲೊರಿಯಲ್ಲಿ ಮಾತ್ರ ಎಲ್ಲಕ್ಕಿಂತ ನಿಖರವಾದುದೇ ಸರಾಸರಿ ಶೇಕಡ 27ರಷ್ಟು ತಪ್ಪಿತ್ತು. ಇಷ್ಟು ತಪ್ಪಬಲ್ಲ ತಕ್ಕಡಿಯನ್ನು ನಂಬಿ ಬೆಣ್ಣೆ ತೂಗಬೇಡಿ. ಹಸಿವಾಗಿದ್ದರೆ ತಿನ್ನಿ.

ಪ್ರಶ್ನೆ: ನಾನೂ ನಮ್ಮ ಯಜಮಾನರೂ ಕಬ್ಬನ್ ಪಾರ್ಕಿನಲ್ಲಿ ಜೊತೆಜೊತೆಗೇ ನಡೆಯುತ್ತೇವೆ. ಒಂದೇ ಆ್ಯಪ್, ಒಂದೇ ದಾರಿ. ಆದರೂ ಅವರ ಫೋನಿನಲ್ಲಿ 5.3 ಕಿಲೋಮೀಟರ್, ನನ್ನದರಲ್ಲಿ 4.9. ಗ್ರೂಪಿನಲ್ಲಿ ದಿನವೂ ಅವರೇ ಮುಂದೆ. ಇದು ನ್ಯಾಯವೇ?
— ಬ್ಯಾಂಕ್ ಉದ್ಯೋಗಿ, ಬೆಂಗಳೂರು

ಉತ್ತರ: ನ್ಯಾಯವಲ್ಲ, ಆದರೆ ಯಜಮಾನರ ತಪ್ಪೂ ಅಲ್ಲ. ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ತನ್ನನ್ನು ತಲುಪಲು ಎಷ್ಟು ಹೊತ್ತು ಹಿಡಿಯಿತೆಂಬ ಲೆಕ್ಕದಿಂದ ಫೋನ್ ತಾನಿರುವ ಜಾಗವನ್ನು ಕಂಡುಕೊಳ್ಳುತ್ತದೆ. ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗದಷ್ಟು ಸಮಯ ತಪ್ಪಿದರೂ ದೂರದಲ್ಲಿ 30 ಸೆಂಟಿಮೀಟರ್ ತಪ್ಪುತ್ತದೆ. ಕಬ್ಬನ್ ಪಾರ್ಕಿನಲ್ಲಾದರೋ ತಲೆಯ ಮೇಲೆ ದಟ್ಟ ಮರಗಳ ಚಪ್ಪರ, ಅಂಚಿನಲ್ಲಿ ಎತ್ತರದ ಕಟ್ಟಡಗಳು. ಸಂಕೇತ ಎಲೆಗಳಲ್ಲಿ ಕ್ಷೀಣಿಸಿ, ಗೋಡೆಗೆ ಬಡಿದು ಸುತ್ತಿಬಳಸಿ ಬರುತ್ತದೆ. ಹೀಗೆ ಸಿಕ್ಕ ಒಂದೊಂದು ಬಿಂದುವೂ ಕೆಲವು ಮೀಟರ್ ಅತ್ತಿತ್ತ ಬೀಳುವುದರಿಂದ, ಅವುಗಳನ್ನು ಗೆರೆ ಎಳೆದು ಕೂಡಿಸಿದಾಗ ನೆಟ್ಟಗೆ ನಡೆದವರ ದಾರಿಯೂ ಕುಡಿದವರ ದಾರಿಯಂತೆ ಅಂಕುಡೊಂಕಾಗಿ ದೂರ ಹೆಚ್ಚುತ್ತದೆ. ನಿಮ್ಮ ಯಜಮಾನರ ಫೋನಿನಲ್ಲಿ ಇದು ಆಗಿರಬಹುದು. ನಿಮ್ಮ ಫೋನ್ ಬ್ಯಾಟರಿ ಉಳಿಸುವ ಸ್ಥಿತಿಯಲ್ಲಿದ್ದರೆ ಬಿಂದುಗಳನ್ನು ಅಪರೂಪಕ್ಕೆ ಹಿಡಿಯುತ್ತದೆ. ಆಗ ತಿರುವುಗಳೆಲ್ಲ ಕತ್ತರಿಸಿ ಹೋಗಿ ದೂರ ಕಡಿಮೆಯಾಗುತ್ತದೆ. ಮೊದಲು ಆ ಸ್ಥಿತಿಯನ್ನು ತೆಗೆಯಿರಿ; ಜೊತೆಗೆ, ನಡಿಗೆ ಆರಂಭಿಸುವ ಮುನ್ನ ಬಯಲಿನಲ್ಲಿ ಅರ್ಧ ನಿಮಿಷ ನಿಂತು ಫೋನಿಗೆ ಉಪಗ್ರಹಗಳು ಸಿಗಲು ಬಿಡಿ.

ಅಧಿಕೃತ ಮ್ಯಾರಥಾನ್‌ಗಳಲ್ಲೂ ಈ ಜಗಳ ಇದ್ದದ್ದೇ. 42.195 ಕಿಲೋಮೀಟರನ್ನು ಅಳೆಯುವುದು ತಿರುವುಗಳ ಒಳ ಅಂಚಿಗೆ ತಾಗಿದಂತೆ, ಸಾಧ್ಯವಿರುವ ಅತಿ ಹತ್ತಿರದ ಗೆರೆಯಲ್ಲಿ. ಜನಜಂಗುಳಿಯಲ್ಲಿ ಆ ಗೆರೆಯ ಮೇಲೇ ಓಡುವುದು ಯಾರಿಗೂ ಆಗುವುದಿಲ್ಲವಾದ್ದರಿಂದ ಎಲ್ಲರ ವಾಚೂ ಸ್ವಲ್ಪ ಹೆಚ್ಚೇ ತೋರಿಸುತ್ತದೆ, ಎಲ್ಲರೂ ಆಯೋಜಕರನ್ನು ಬೈಯುತ್ತಾರೆ.

ನನ್ನದೇ ಒಂದು ಪ್ರಸಂಗ ಹೇಳಿಬಿಡುತ್ತೇನೆ. ಲಾಲ್‌ಬಾಗಿನಲ್ಲಿ ನಡಿಗೆ ಮುಗಿಸಿ, ಆ್ಯಪ್ ನಿಲ್ಲಿಸಲು ಮರೆತು ಆಟೊ ಹತ್ತಿ ಮನೆಗೆ ಬಂದೆ. ಮಧ್ಯಾಹ್ನ ನೋಡಿದರೆ ನಾನು ಗಂಟೆಗೆ 38 ಕಿಲೋಮೀಟರ್ ವೇಗದಲ್ಲಿ ಓಡಿದ ದಾಖಲೆಯ ಕೆಳಗೆ ಹನ್ನೊಂದು ಮಂದಿ ಕುಡೋಸ್ ಕೊಟ್ಟಿದ್ದರು. ಅವರಲ್ಲಿ ಇಬ್ಬರು ವೈದ್ಯರು. ಹೆಬ್ಬೆರಳು ಒತ್ತುವವರು ಅಂಕಿಯನ್ನು ಓದುತ್ತಾರೆಂಬ ಭ್ರಮೆ ಅಂದಿಗೆ ಹೋಯಿತು.

ಪ್ರಶ್ನೆ: ನಾನು ದಿನವೂ ಬೆಳಿಗ್ಗೆ 5.30ಕ್ಕೆ ಓಡಲು ಹೋಗುತ್ತೇನೆ. ಆರು ತಿಂಗಳಿಂದ ಸ್ಟ್ರಾವಾ ಬಳಸುತ್ತಿದ್ದೇನೆ. ಈಚೆಗೆ ಗುರುತಿಲ್ಲದ ಒಬ್ಬ ವ್ಯಕ್ತಿ ನನ್ನ ಪ್ರತಿ ಓಟಕ್ಕೂ ಕುಡೋಸ್ ಕೊಡುತ್ತಾನೆ. ಮೊನ್ನೆ ‘ಇವತ್ತು ಯಾಕೆ ಕೆರೆಯ ಕಡೆ ಬರಲಿಲ್ಲ?’ ಎಂದು ಕಾಮೆಂಟ್ ಹಾಕಿದ್ದ. ಅಣ್ಣ ಆ್ಯಪ್ ತೆಗೆದುಹಾಕು ಎನ್ನುತ್ತಾನೆ, ಅಮ್ಮ ಓಟವನ್ನೇ ಬಿಡು ಎನ್ನುತ್ತಾಳೆ. ಏನು ಮಾಡಲಿ?
— ಉಪನ್ಯಾಸಕಿ, ಹುಬ್ಬಳ್ಳಿ

ಉತ್ತರ: ಓಟ ಬಿಡಬೇಡಿ. ಆ್ಯಪ್ ತೆಗೆಯುವುದನ್ನು ಆಮೇಲೆ ಯೋಚಿಸೋಣ. ಈ ಪತ್ರ ಓದುತ್ತಿರುವ ಹೊತ್ತಿಗೇ ಆ ವ್ಯಕ್ತಿಯನ್ನು ಬ್ಲಾಕ್ ಮಾಡಿ. ಆದರೆ ಅದಕ್ಕೂ ಮುಂಚೆ ಅವನ ಪ್ರೊಫೈಲು ಮತ್ತು ಕಾಮೆಂಟುಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಕೆಲವು ದಿನ ಹೊತ್ತನ್ನೂ ದಾರಿಯನ್ನೂ ಬದಲಿಸಿ, ಸಾಧ್ಯವಾದರೆ ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಮಹಿಳೆಯೊಬ್ಬಳು ಬೇಡವೆಂದು ಸ್ಪಷ್ಟಪಡಿಸಿದ ಮೇಲೂ ಬೆನ್ನು ಬೀಳುವುದು, ಅಂತರ್ಜಾಲದಲ್ಲಿ ಆಕೆಯ ಚಟುವಟಿಕೆಯ ಮೇಲೆ ಕಣ್ಣಿಡುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಡಿ ಅಪರಾಧ. ಅವನು ಎದುರಿಗೆ ಕಾಣಿಸಿಕೊಂಡರೆ 112ಕ್ಕೆ ಕರೆ ಮಾಡಲು ಹಿಂಜರಿಯಬೇಡಿ.

ಈಗ ಸೆಟ್ಟಿಂಗ್ಸ್ ಕಡೆ ಬರೋಣ. ವಯಸ್ಕರು ಹೊಸದಾಗಿ ಖಾತೆ ತೆರೆದಾಗ ಅವರ ಚಟುವಟಿಕೆ ‘ಎಲ್ಲರಿಗೂ’ ಕಾಣುವಂತೆ ಮೊದಲೇ ಇಟ್ಟಿರುತ್ತಾರೆ. ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯ ದೊಡ್ಡ ದೋಷ ಇದು; ಮನೆ ಕಟ್ಟಿಸಿಕೊಟ್ಟವರು ಬಾಗಿಲು ತೆರೆದಿಟ್ಟು ಹೋಗಿ, ಬೇಕಿದ್ದರೆ ನೀವೇ ಚಿಲಕ ಹುಡುಕಿಕೊಳ್ಳಿ ಎಂದಂತೆ. ಪ್ರೈವಸಿ ವಿಭಾಗಕ್ಕೆ ಹೋಗಿ ಚಟುವಟಿಕೆಯನ್ನೂ ಪ್ರೊಫೈಲನ್ನೂ ‘ಫಾಲೋವರ್ಸ್’ಗೆ ಮಾತ್ರ ಎಂದು ಬದಲಿಸಿ, ಹಳೆಯ ಓಟಗಳಿಗೂ ಅದನ್ನೇ ಅನ್ವಯಿಸಿ, ಫಾಲೋವರ್‌ಗಳ ಪಟ್ಟಿಯಲ್ಲಿ ನಿಮಗೆ ಮುಖಪರಿಚಯ ಇಲ್ಲದವರನ್ನೆಲ್ಲ ತೆಗೆಯಿರಿ. ನಕ್ಷೆಯಲ್ಲಿ ಮನೆಯ ವಿಳಾಸದ ಸುತ್ತ 1,600 ಮೀಟರ್‌ವರೆಗಿನ ಭಾಗವನ್ನು ಮರೆಮಾಡುವ ಸೌಲಭ್ಯವಿದೆ. ಹೆಚ್ಚಿನವರು ನಾಚಿಕೊಂಡವರಂತೆ 200 ಮೀಟರ್ ಇಡುತ್ತಾರೆ. ನೀವು ಪೂರ್ತಿ ಇಡಿ, ಕಾಲೇಜಿನ ವಿಳಾಸಕ್ಕೂ ಇಡಿ. ಅಕ್ಕಪಕ್ಕದಲ್ಲಿ ಯಾರು ಹಾದುಹೋದರೆಂದು ತೋರಿಸುವ ‘ಫ್ಲೈಬೈ’ ಚಾಲೂ ಇದೆಯೇ ಎಂದು ಒಮ್ಮೆ ನೋಡಿ. 2020ರಿಂದ ಅದು ತಾನಾಗಿ ಚಾಲೂ ಇರುವುದಿಲ್ಲವಾದರೂ ಕೆಲವರು ಗೊತ್ತಿಲ್ಲದೆ ಒತ್ತಿರುತ್ತಾರೆ. ಗೇಟಿನ ಮುಂದೆ ನಿಂತು ತೆಗೆದ ಫೋಟೊ ಹಾಕಿದರೆ ಈ ಎಲ್ಲ ಮರೆಯೂ ವ್ಯರ್ಥ.

ಇಷ್ಟೆಲ್ಲ ಎಚ್ಚರ ಅತಿಯಾಯಿತೆಂದು ಯಾರಾದರೂ ಅಂದರೆ ಸೈನಿಕರ ಕತೆ ಹೇಳಿ. 2017ರ ನವೆಂಬರಿನಲ್ಲಿ ಸ್ಟ್ರಾವಾ ತನ್ನ ಬಳಕೆದಾರರ 100 ಕೋಟಿ ಚಟುವಟಿಕೆಗಳನ್ನು ಒಟ್ಟುಗೂಡಿಸಿ, ಜನ ಹೆಚ್ಚು ಓಡಾಡಿದ ದಾರಿಗಳು ಹೆಚ್ಚು ಬೆಳಗುವಂತೆ ಒಂದು ಜಾಗತಿಕ ನಕ್ಷೆಯನ್ನು ಪ್ರಕಟಿಸಿತು. ಯಾರ ಹೆಸರೂ ಅದರಲ್ಲಿರಲಿಲ್ಲ. ನಗರಗಳು ದೀಪಾವಳಿಯಂತೆ ಹೊಳೆದವು. ಆದರೆ 2018ರ ಜನವರಿಯಲ್ಲಿ ಆಸ್ಟ್ರೇಲಿಯಾದ ವಿದ್ಯಾರ್ಥಿಯೊಬ್ಬ ಆ ನಕ್ಷೆಯನ್ನು ನೋಡುತ್ತಿದ್ದಾಗ, ಸಿರಿಯಾ, ಅಫ್ಘಾನಿಸ್ತಾನಗಳಂಥ ಕಡೆ ಸುತ್ತಲೂ ಕಗ್ಗತ್ತಲೆಯಿದ್ದು ನಡುವೆ ಅಚ್ಚುಕಟ್ಟಾದ ಚೌಕಗಳು ಹೊಳೆಯುತ್ತಿದ್ದುದು ಕಂಡಿತು. ಸೇನಾ ನೆಲೆಗಳ ಬೇಲಿಯ ಒಳಗೆ ಸೈನಿಕರು ಓಡಿದ ಗೆರೆಗಳವು. 2024ರಲ್ಲಿ ಫ್ರಾನ್ಸಿನ ಲ ಮೋಂದ್ ಪತ್ರಿಕೆ, ರಾಷ್ಟ್ರಾಧ್ಯಕ್ಷರ ಅಂಗರಕ್ಷಕರ ಓಟದ ದಾಖಲೆಗಳನ್ನು ಹಿಂಬಾಲಿಸಿದರೆ ಅಧ್ಯಕ್ಷರು ತಂಗುವ ಹೋಟೆಲೇ ಗೊತ್ತಾಗಿಬಿಡುತ್ತದೆಂದು ತೋರಿಸಿತು. ಬಂದೂಕು ಹಿಡಿದ ಕಾವಲುಗಾರರೇ ಮರೆತ ಚಿಲಕವನ್ನು ನೀವು ಮರೆತಿದ್ದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ.

ಕಾನೂನು ಕಾಪಾಡುತ್ತದೆಂದು ಪೂರ್ತಿ ನೆಚ್ಚಬೇಡಿ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ವ್ಯಕ್ತಿ ತಾನಾಗಿಯೇ ಸಾರ್ವಜನಿಕಗೊಳಿಸಿದ ಮಾಹಿತಿಗೆ ಅನ್ವಯಿಸುವುದಿಲ್ಲ. ‘ಎಲ್ಲರಿಗೂ’ ಎಂಬ ಗುಂಡಿಯ ಭಾರ ಅಷ್ಟಿದೆ. ಅಮ್ಮನಿಗೆ ಧೈರ್ಯ ಬರಬೇಕಾದರೆ ‘ಬೀಕನ್’ ಎಂಬ ಸೌಲಭ್ಯವನ್ನು ತೋರಿಸಿ. ನೀವು ಆರಿಸಿದ ಮೂವರಿಗೆ ಮಾತ್ರ ನೀವು ಓಡುತ್ತಿರುವ ಜಾಗ ಆ ಹೊತ್ತಿಗೇ ಕಾಣುತ್ತದೆ. ಅಣ್ಣ ಬೆಳಿಗ್ಗೆ 5.30ಕ್ಕೆ ಏಳುತ್ತಾನೋ ಇಲ್ಲವೋ ಎಂಬುದೂ ಆಗ ಗೊತ್ತಾಗುತ್ತದೆ.

ಪ್ರಶ್ನೆ: ನಮ್ಮ ಕಚೇರಿಯಲ್ಲಿ ಮೂರು ತಿಂಗಳ ಹೆಜ್ಜೆ ಸ್ಪರ್ಧೆ ನಡೆಯುತ್ತಿದೆ. ಪ್ರತಿ ಸೋಮವಾರ ಎಲ್ಲರ ಹೆಸರು, ಅಂಕಿ ಮೇಲ್‌ನಲ್ಲಿ ಬರುತ್ತದೆ. ಮಂಡಿ ನೋವಿರುವ ನಾನು ಸದಾ ಕೊನೆಯ ಐವರಲ್ಲಿ. ಮೊದಲು ಊಟವಾದ ಮೇಲೆ ಒಂದು ಸುತ್ತು ಖುಷಿಯಿಂದ ನಡೆಯುತ್ತಿದ್ದೆ. ಈಗ ಅದೂ ಬೇಡವೆನ್ನಿಸಿದೆ. ಒಬ್ಬರು ಫೋನನ್ನು ಫ್ಯಾನಿಗೆ ಕಟ್ಟಿ ಹೆಜ್ಜೆ ಹೆಚ್ಚಿಸಿಕೊಳ್ಳುತ್ತಾರೆಂಬ ಸುದ್ದಿಯೂ ಇದೆ.
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಫ್ಯಾನಿನವರಿಗೆ ವಿದ್ಯುತ್ ಬಿಲ್ಲೇ ಬಹುಮಾನ. ಇಂಡೊನೇಷ್ಯಾದಲ್ಲಿ 2024ರಲ್ಲಿ ಇದು ಇನ್ನೂ ಮುಂದಕ್ಕೆ ಹೋಗಿ, ಹಣ ಕೊಟ್ಟರೆ ನಿಮ್ಮ ಖಾತೆಯಲ್ಲಿ ಬೇರೆಯವರು ಓಡಿಕೊಡುವ ‘ಸ್ಟ್ರಾವಾ ಜಾಕಿ’ಗಳೇ ಹುಟ್ಟಿಕೊಂಡರು. ಆರೋಗ್ಯಕ್ಕೆಂದು ಹೊರಟದ್ದು ಮರ್ಯಾದೆಯ ಪ್ರಶ್ನೆಯಾದಾಗ ಹೀಗೆಯೇ ಆಗುತ್ತದೆ.

ನಿಮ್ಮ ಖುಷಿ ಹೋದದ್ದಕ್ಕೆ ನಿಮ್ಮ ಮನಸ್ಸನ್ನು ದೂರಬೇಡಿ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೋರ್ಡನ್ ಎಟ್ಕಿನ್ 2016ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹೆಜ್ಜೆಯ ಎಣಿಕೆ ಕಣ್ಣಮುಂದೆ ಇದ್ದವರು ಹೆಚ್ಚು ನಡೆದರು, ಆದರೆ ನಡಿಗೆಯನ್ನು ಕಡಿಮೆ ಆಸ್ವಾದಿಸಿದರು. ಅಳತೆ ಬಂದೊಡನೆ ವಿಹಾರವೂ ಕೆಲಸವಾಗಿಬಿಡುತ್ತದೆ.

ಇನ್ನೊಂದು ಅಧ್ಯಯನವನ್ನು ನಿಮ್ಮ ಎಚ್‌ಆರ್‌ ವಿಭಾಗದವರಿಗೆ ಓದಿ ಹೇಳುವಂತಿದೆ. ಎಂಐಟಿಯ ಸಿನಾನ್ ಅರಲ್ ಮತ್ತು ಕ್ರಿಸ್ಟೋಸ್ ನಿಕೊಲೈಡಿಸ್ 2017ರಲ್ಲಿ, ಓಟದ ಜಾಲವೊಂದರಲ್ಲಿದ್ದ ಸುಮಾರು 11 ಲಕ್ಷ ಜನರ ಐದು ವರ್ಷಗಳ ದಾಖಲೆಗಳನ್ನು ಪರಿಶೀಲಿಸಿದರು. ಗೆಳೆಯರು ಒಬ್ಬರನ್ನೊಬ್ಬರು ಓಡಿಸುತ್ತಾರೋ ಅಥವಾ ಓಡುವವರೇ ಗೆಳೆಯರಾಗುತ್ತಾರೋ ಎಂದು ಬಿಡಿಸಿ ನೋಡಲು ಅವರು ಬಳಸಿದ್ದು ಮಳೆಯನ್ನು. ಒಂದು ಊರಿನಲ್ಲಿ ಮಳೆ ಬಂದು ಅಲ್ಲಿನವನು ಓಡದೆ ಉಳಿದ ದಿನ, ಬಿಸಿಲಿರುವ ಬೇರೆ ಊರಿನ ಅವನ ಗೆಳೆಯನ ಓಟವೂ ತಗ್ಗುತ್ತದೆಯೇ? ತಗ್ಗುತ್ತಿತ್ತು. ಗೆಳೆಯ ಒಂದು ಕಿಲೋಮೀಟರ್ ಹೆಚ್ಚು ಓಡಿದರೆ ನಾವು ಸುಮಾರು 300 ಮೀಟರ್ ಹೆಚ್ಚು ಓಡುತ್ತೇವಂತೆ. ಆದರೆ ಸೋಜಿಗವೆಂದರೆ, ಕಡಿಮೆ ಓಡುವವರ ಪ್ರಭಾವ ಹೆಚ್ಚು ಓಡುವವರ ಮೇಲಿತ್ತೇ ಹೊರತು, ಮುಂದಿರುವವರನ್ನು ನೋಡಿ ಹಿಂದಿರುವವರು ಓಡುತ್ತಿರಲಿಲ್ಲ. ಬೆನ್ನ ಹಿಂದೆ ಬರುವವನ ಭಯ ಮುಂದಿರುವವನನ್ನು ಓಡಿಸುತ್ತದೆ. ಅಂದರೆ ನಿಮ್ಮ ಸೋಮವಾರದ ಪಟ್ಟಿ ನಡಿಗೆ ಅಗತ್ಯವಿಲ್ಲದವರನ್ನು ಇನ್ನಷ್ಟು ನಡೆಸುತ್ತಿದೆ, ಅಗತ್ಯವಿರುವ ನಿಮ್ಮನ್ನು ಕೂರಿಸಿದೆ. ವ್ಯಕ್ತಿಗಳ ಪಟ್ಟಿಯ ಬದಲು ತಂಡಗಳ ಒಟ್ಟು ಮೊತ್ತ ಕಳಿಸಿ, ಹೆಸರು ಬೇಡವೆಂದವರನ್ನು ಬಿಡಿ ಎಂದು ಕೇಳಲು ನಿಮಗೆ ಪೂರ್ಣ ಹಕ್ಕಿದೆ. ಒಪ್ಪದಿದ್ದರೆ ಸ್ಪರ್ಧೆ ಬಿಟ್ಟು, ಊಟದ ನಂತರದ ಆ ಒಂದು ಸುತ್ತನ್ನು ಫೋನನ್ನು ಮೇಜಿನ ಮೇಲಿಟ್ಟು ನಡೆಯಿರಿ. ಮಂಡಿಯನ್ನು ಮೂಳೆ ವೈದ್ಯರಿಗೆ ತೋರಿಸುವುದನ್ನು ಮುಂದೂಡಬೇಡಿ.

ಪ್ರಶ್ನೆ: ನಾನು ವಾರಕ್ಕೆ ನಾಲ್ಕು ದಿನ ಓಡಿ ಆ್ಯಪ್‌ನಲ್ಲಿ ಹಾಕುತ್ತೇನೆ, ಎಲ್ಲರೂ ಶಭಾಷ್ ಎನ್ನುತ್ತಾರೆ. ನನ್ನ ಆಯಿ ದಿನವಿಡೀ ತೋಟ, ಕೊಟ್ಟಿಗೆ ಎಂದು ಓಡಾಡುತ್ತಾಳೆ, ಬೆಟ್ಟದಿಂದ ಸೊಪ್ಪಿನ ಹೊರೆ ಹೊತ್ತು ತರುತ್ತಾಳೆ. ಅದು ವ್ಯಾಯಾಮವಲ್ಲವೇ?
— ಓದುಗ, ಶಿರಸಿ

ಉತ್ತರ: ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ದೈಹಿಕ ಚಟುವಟಿಕೆ ಸೂಚಿಸಿದಾಗ, ಮನೆಗೆಲಸವನ್ನೂ ದುಡಿಮೆಯನ್ನೂ ಅದರಲ್ಲಿ ಸೇರಿಸಿದೆ. ಆ ಲೆಕ್ಕದಲ್ಲಿ ನಿಮ್ಮ ಆಯಿ ಸೋಮವಾರವೇ ವಾರದ ಪಾಲನ್ನು ಮುಗಿಸಿರುತ್ತಾರೆ. ಅವರ ಫೋನ್ ಅಡುಗೆಮನೆಯ ಗೂಡಿನಲ್ಲಿ ಚಾರ್ಜಿಗೆ ಬಿದ್ದಿರುವುದರಿಂದ ಯಾವ ಉಪಗ್ರಹಕ್ಕೂ ಅದು ಗೊತ್ತಿಲ್ಲ. ಆದರೆ ಹೊರೆ ಹೊರುವುದು ಓಟದಂತೆ ಮೈಗೆ ಹಿತವಾದದ್ದೇ ಎಂದು ನಾನು ಹೇಳಲಾರೆ. ನೀವು ಸಾಕೆನಿಸಿದಾಗ ನಿಲ್ಲಬಹುದು, ಮರುದಿನ ವಿಶ್ರಾಂತಿ ತೆಗೆದುಕೊಳ್ಳಬಹುದು, ಅವರಿಗೆ ಅದಿಲ್ಲ. ವಾರಕ್ಕೆ ನಾಲ್ಕು ಓಟಗಳಲ್ಲಿ ಒಂದನ್ನು ಬಿಟ್ಟು ಆ ದಿನದ ಸೊಪ್ಪಿನ ಹೊರೆಯನ್ನು ನೀವು ತನ್ನಿ. ಆ್ಯಪ್‌ನಲ್ಲಿ ‘ಬೆಟ್ಟ ಹತ್ತುವಿಕೆ’ ಎಂದು ಹಾಕಿಕೊಂಡರೆ ಯಾರೂ ಆಕ್ಷೇಪಿಸುವುದಿಲ್ಲ.

ಪ್ರಶ್ನೆ: ಐದು ವರ್ಷಗಳ ಓಟ ಒಂದೇ ಆ್ಯಪ್‌ನಲ್ಲಿದೆ. ಅದು ಒಂದು ದಿನ ಮುಚ್ಚಿದರೆ? ಹಣ ಕೊಟ್ಟು ಚಂದಾದಾರನಾದರೆ ದಾಖಲೆ ಭದ್ರವೇ?
— ವ್ಯಾಪಾರಿ, ಮಂಗಳೂರು

ಉತ್ತರ: ಚಂದಾಕ್ಕೂ ಭದ್ರತೆಗೂ ಸಂಬಂಧವಿಲ್ಲ. ಸ್ಟ್ರಾವಾ 2020ರ ಮೇ ತಿಂಗಳಲ್ಲಿ ಸೆಗ್ಮೆಂಟ್‌ಗಳ ಪೂರ್ತಿ ಪಟ್ಟಿಯನ್ನು ಚಂದಾದಾರರಿಗೆ ಮೀಸಲು ಮಾಡಿತು. ಹಣ ಕೊಡುವುದು ಅಂಥ ಸೌಲಭ್ಯಗಳಿಗೆ. ಓಟವನ್ನು ದಾಖಲಿಸಿ ಗೆಳೆಯರಿಗೆ ತೋರಿಸುವುದಷ್ಟೇ ಬೇಕಿದ್ದರೆ ಉಚಿತ ಖಾತೆ ಸಾಕು. ಮುಚ್ಚುವ ಭಯವಂತೂ ನಿಜವಾದದ್ದೇ. ಡೆನ್ಮಾರ್ಕಿನಲ್ಲಿ ಹುಟ್ಟಿ ಬಹಳ ಜನಪ್ರಿಯವಾಗಿದ್ದ ಎಂಡೊಮೊಂಡೊ ಎಂಬ ಆ್ಯಪ್‌ ಅನ್ನು ಅಂಡರ್ ಆರ್ಮರ್ ಕಂಪನಿ 2015ರಲ್ಲಿ ಕೊಂಡುಕೊಂಡು, 2020ರ ಕೊನೆಗೆ ಮುಚ್ಚಿಬಿಟ್ಟಿತು.

ಆದ್ದರಿಂದ ಮಾರ್ಚ್‌ನಲ್ಲಿ ಅಂಗಡಿಯ ಲೆಕ್ಕ ಮುಗಿಸುವಾಗ ಓಟದ ಲೆಕ್ಕವನ್ನೂ ಇಳಿಸಿಟ್ಟುಕೊಳ್ಳಿ. ಕಂಪ್ಯೂಟರಿನಲ್ಲಿ ನಿಮ್ಮ ಖಾತೆಯ ಸೆಟ್ಟಿಂಗ್ಸ್‌ಗೆ ಹೋಗಿ ಮಾಹಿತಿಯ ಪ್ರತಿ ಕೋರಿದರೆ ಇಮೇಲಿಗೆ ಒಂದು ಕೊಂಡಿ ಬರುತ್ತದೆ; ಅದರಿಂದ ಇಳಿಸಿಕೊಂಡ ಗಂಟಿನಲ್ಲಿ ಎಲ್ಲ ಓಟಗಳೂ ಒಂದೊಂದು ಕಡತವಾಗಿ ಇರುತ್ತವೆ. ಅವುಗಳಲ್ಲಿ ಹಲವು ಜಿಪಿಎಕ್ಸ್ ಎಂಬ ಮಾದರಿಯಲ್ಲಿರುತ್ತವೆ, ಅವನ್ನು ಬೇರೆ ಯಾವ ಆ್ಯಪ್‌ಗಾದರೂ ಹಾಕಿಕೊಳ್ಳಬಹುದು. ಕುಡೋಸ್‌ಗಳು ಆ ಕಡತದಲ್ಲಿ ಬರುವುದಿಲ್ಲ. ಒಂದನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ: ಅಕ್ಷಾಂಶ, ರೇಖಾಂಶ, ಎತ್ತರ, ಸಮಯ, ಮತ್ತೆ ಅಕ್ಷಾಂಶ, ರೇಖಾಂಶ, ಎತ್ತರ, ಸಮಯ. ಹೀಗೆ ಸಾವಿರಾರು ಸಾಲು ಇರುತ್ತದೆ. ಸಮಯ ಗ್ರೀನಿಚ್ ಲೆಕ್ಕದಲ್ಲಿರುವುದರಿಂದ ಅದಕ್ಕೆ ಐದೂವರೆ ಗಂಟೆ ಕೂಡಿಸಿಕೊಂಡು ಓದಬೇಕು.